ಬಾಗಿಲಿಂದ ಕಾಣದ ಮಾನಿಟರ್

ಕಂಪ್ಯೂಟರ್ ಅಂಗಡಿಗೆ ಹೋಗಿ ಮಾನಿಟರಿನ ಎದುರು ನಿಲ್ಲದೆ, ಪಕ್ಕದ ಗೋಡೆಗೆ ಒರಗಿ ಓರೆಗಣ್ಣಿನಲ್ಲಿ ಅದನ್ನು ಪರೀಕ್ಷೆ ಮಾಡಿದ ಗಿರಾಕಿ ಕುಮಟೆಯಲ್ಲಿ ನಾನೊಬ್ಬಳೇ ಇರಬೇಕು. ಅಂಗಡಿಯವನು ನಗು ನುಂಗಿಕೊಂಡದ್ದು ನನಗೆ ಕಂಡಿತ್ತು. ಕಂಡರೂ ಬಿಗುಮಾನ ಬಿಡಲಿಲ್ಲ. ಆ ಮಾನಿಟರನ್ನು ಆರಿಸಿ ತಂದದ್ದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಅದನ್ನು ಆರಿಸಿದ್ದಕ್ಕೆ ಅರ್ಧ ನಾಚಿಕೆ, ಆಮೇಲೆ ನಾನು ನಡೆದುಕೊಂಡದ್ದಕ್ಕೆ ಉಳಿದದ್ದು.

ನಮ್ಮದು ಭಟ್ಕಳದ ಪೇಟೆಯಲ್ಲಿ ಒಂದು ಫೋಟೊ ಸ್ಟುಡಿಯೋ. ಮಾವಳ್ಳಿಯಿಂದ ಬಂದ ಅಪ್ಪ ಅದನ್ನು ಹಾಕಿದ್ದ. ನಾನು ಹೊನ್ನಾವರದಲ್ಲಿ ಕಾಲೇಜು ಮುಗಿಸಿ ಬಂದವಳು, ನೌಕರಿಯೇನೂ ಸಿಗದೆ ಸ್ಟುಡಿಯೋದ ಕುರ್ಚಿಯಲ್ಲಿ ಕೂತೆ. ಪಾಸ್‌ಪೋರ್ಟ್ ಫೋಟೊಗಳಿಗೆ ಬಂದವರ ಕಾಲರ್ ಸರಿ ಮಾಡುವುದು, ಮಕ್ಕಳನ್ನು ನಗಿಸುವುದು, ಇಷ್ಟೇ ನನ್ನ ಕೆಲಸವಾಗಿತ್ತು. ಒಂದು ದಿನ ನಮ್ಮ ಬೀದಿಯ ನವಾಯತ ಮುಸಲ್ಮಾನರ ಮನೆಯೊಂದರಿಂದ ಕರೆ ಬಂತು. ಮದುವೆಯಲ್ಲಿ ಹೆಂಗಸರ ಕಡೆಯ ಫೋಟೊ ತೆಗೆಯಲು ಹೆಣ್ಣುಮಗಳೇ ಬೇಕು, ನಿಮ್ಮ ಮಗಳನ್ನು ಕಳಿಸುತ್ತೀರಾ ಎಂದು ಅಪ್ಪನನ್ನು ಕೇಳಿದ್ದರು. ಅಪ್ಪ ಕ್ಯಾಮೆರಾವನ್ನು ನನ್ನ ಕೊರಳಿಗೆ ಹಾಕಿ, ಫ್ಲ್ಯಾಶ್ ಹೇಗೆ ಎಂದು ಒಂದು ಮಧ್ಯಾಹ್ನದಲ್ಲಿ ಹೇಳಿಕೊಟ್ಟು ಕಳಿಸಿದ. ಅಲ್ಲಿಂದ ಮುಂದೆ ಊರಿನಲ್ಲಿ ನಾನು ಒಳಮನೆಯ ಫೋಟೊಗ್ರಾಫರ್ ಆದೆ.

ಒಳಮನೆ ಎಂದರೆ ಒಳಮನೆಯೇ. ಗಂಡಸರ ಚಪ್ಪರ ಬೇರೆ ಕಡೆ, ಹೆಂಗಸರದ್ದು ಬೇರೆ ಕಡೆ. ಹೆಂಗಸರಿದ್ದಲ್ಲಿ ಇನ್ನಾರೂ ಕ್ಯಾಮೆರಾ ಹೊರಗೆ ತೆಗೆಯುವ ಹಾಗಿಲ್ಲ, ಮನೆಯವರೂ ಕೂಡ. ನಾನು ತೆಗೆದದ್ದಷ್ಟೇ ಫೋಟೊ. ನಾನು ಕೆಡಿಸಿದರೆ ಆ ಹುಡುಗಿಗೆ ತನ್ನ ಮದುವೆಯದೊಂದು ಫೋಟೊ ಇರುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು, ಅದರಿಂದ ಜಂಬವೂ ಬಂದಿತ್ತು.

ಆ ಮನೆಗಳಲ್ಲಿ ಇನ್ನೊಂದು ಪದ್ಧತಿ ಇತ್ತು. ರೋಲುಗಳನ್ನು ಹತ್ತಿರದ ಲ್ಯಾಬಿಗೆ ಕೊಡುವಂತಿಲ್ಲ, ಹುಬ್ಬಳ್ಳಿಗೆ ಕಳಿಸಬೇಕು. ಹುಬ್ಬಳ್ಳಿಯಲ್ಲೇನು ಗಂಡಸರಿಲ್ಲವೇ ಎಂದು ಕೇಳಬೇಡಿ. ಇದ್ದಾರೆ, ಆದರೆ ಅವರಿಗೆ ಇದು ಯಾರ ಮಗಳು, ಯಾರ ಸೊಸೆ ಎಂದು ತಿಳಿಯದು, ನಾಳೆ ಪೇಟೆಯಲ್ಲಿ ಅವಳ ತಮ್ಮನಿಗೆ ಎದುರಾಗುವುದೂ ಇಲ್ಲ. ಅಚ್ಚಾಗಿ ಬಂದ ಮೇಲೆ ಆಲ್ಬಮ್ಮಿನ ಜೊತೆ ನೆಗೆಟಿವ್‌ಗಳನ್ನೂ ಮನೆಯ ಹಿರಿಯ ಹೆಂಗಸಿನ ಕೈಗೆ ಒಪ್ಪಿಸಬೇಕು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕುವರು. ನಮ್ಮ ಹತ್ತಿರ ಒಂದು ತುಂಡೂ ಉಳಿಯಬಾರದು. ನಾನು ಒಮ್ಮೆಯೂ ಉಳಿಸಿಕೊಂಡವಳಲ್ಲ.

ಡಿಜಿಟಲ್ ಕ್ಯಾಮೆರಾ ಬಂದು ರೋಲು ಹಿಂದೆ ಬೀಳತೊಡಗಿದ ವರ್ಷಗಳಲ್ಲಿ ನಾವೂ ಒಂದು ತೆಗೆದುಕೊಂಡೆವು. ಪುಟ ತುಂಬ ಫೋಟೊ, ಹಿಂದೆ ಹೂವಿನ ನೆರಳು, ಹೀಗೆ ಅಚ್ಚಾದ ಹೊಸ ನಮೂನೆಯ ಆಲ್ಬಮ್ ಎಲ್ಲರಿಗೂ ಬೇಕಾಗಿತ್ತು. ಅದಕ್ಕೆ ಕಂಪ್ಯೂಟರ್ ಬೇಕು. ಅಪ್ಪನಿಗೆ ಮನಸ್ಸಿರಲಿಲ್ಲ. ಕುಂಚದಲ್ಲಿ ನೆಗೆಟಿವ್ ಮೇಲಿನ ಮೊಡವೆ ಅಳಿಸಿದ ಕೈ ಅವನದು. ಎಂತಕ್ಕೆ ಅದು, ಅದರ ಎದುರು ಕೂತವರಿಗೆಲ್ಲ ಕನ್ನಡಕ ಬಂದದೆ ಎಂದು ಗೊಣಗಿದ. ನನ್ನ ಚಿಂತೆ ಬೇರೆ ಇತ್ತು. ನಮ್ಮ ಸ್ಟುಡಿಯೋ ರಸ್ತೆಗೆ ತೆರೆದ ಅಂಗಡಿ. ಬಾಗಿಲಲ್ಲಿ ಯಾವಾಗಲೂ ಒಬ್ಬಿಬ್ಬರು ಗಂಡಸರು ನಿಂತು ಪೇಪರು ಓದುತ್ತಿರುತ್ತಾರೆ. ಒಳಮನೆಯ ಫೋಟೊಗಳನ್ನು ನಾನು ದೊಡ್ಡದು ಮಾಡಿ ತಿದ್ದುತ್ತ ಕೂತರೆ ಇವರ ಕಣ್ಣು ಎಲ್ಲಿ ಹೋಗುತ್ತದೆ?

ಈ ಚಿಂತೆ ಹೊತ್ತು ಕುಮಟೆಗೆ ಹೋದೆ. ಬಿಡಿ ಭಾಗಗಳನ್ನು ಕೂಡಿಸಿ ಕಂಪ್ಯೂಟರ್ ಕಟ್ಟಿಕೊಡುವ ಅಂಗಡಿ ಅದು. ಅಂಗಡಿಯವನು ನನ್ನ ಓರಗೆಯವನು, ಮಾತುಗಾರ. ಫೋಟೊ ಕೆಲಸಕ್ಕೆ ಮೆಮೊರಿ ಜಾಸ್ತಿ ಬೇಕು, ಹಾರ್ಡ್ ಡಿಸ್ಕ್ ದೊಡ್ಡದು ಬೇಕು, ಸಿಡಿ ಬರೆಯುವುದು ಬೇಕು ಎಂದ. ಎಲ್ಲದಕ್ಕೂ ತಲೆಯಾಡಿಸಿದೆ. ಮಾನಿಟರಿನ ಮಾತು ಬಂದಾಗ ಹಿಂಭಾಗ ಉಬ್ಬಿದ, ಟೀವಿಯಂಥ ದೊಡ್ಡ ಡಬ್ಬವೊಂದನ್ನು ತೋರಿಸಿ, ಬಣ್ಣ ನಿಜವಾಗಿ ಕಾಣುವುದು ಇದರಲ್ಲೇ, ಎಲ್ಲಿಂದ ನೋಡಿದರೂ ಒಂದೇ ಥರ ಇರುತ್ತದೆ ಎಂದ. ಎಲ್ಲಿಂದ ನೋಡಿದರೂ ಎಂದದ್ದೇ ಅದು ಬೇಡವೆಂದು ಸರಿದೆ. ಪಕ್ಕದಲ್ಲಿ ಹೊಸದಾಗಿ ಬಂದಿದ್ದ ತೆಳ್ಳನೆಯ ಮಾನಿಟರ್ ಇತ್ತು. ಅದರಲ್ಲಿ ಒಂದು ಗಿಣಿಯ ಚಿತ್ರ ಹಾಕಿಟ್ಟಿದ್ದ. ನಾನು ಸರಿಯುತ್ತ ಸರಿಯುತ್ತ ಗೋಡೆಯ ತನಕ ಹೋದೆ. ಗಿಣಿ ಮಂಕಾಯಿತು, ಬಣ್ಣ ತಿರುಗಿತು, ಕೊನೆಗೆ ಅದು ಗಿಣಿಯೋ ಬಾಳೆಲೆಯೋ ತಿಳಿಯದಂತಾಯಿತು. ನನಗೆ ಹಿಡಿಸಲಾರದಷ್ಟು ಖುಷಿ.

ಅಂಗಡಿಯವನು ಅದನ್ನೇ ದೋಷ ಎಂದ. ಎಲ್ಲರೂ ಅದಕ್ಕೇ ಬೈಯುತ್ತಾರೆ, ಫೋಟೊ ಕೆಲಸಕ್ಕೆ ಇದನ್ನು ಕೊಡಲು ತನಗೆ ಮನಸ್ಸಿಲ್ಲ ಎಂದ. ಹಳೆಯ ಡಬ್ಬ ಖಾಲಿ ಮಾಡಲು ಹೀಗೆ ಹೇಳುತ್ತಾನೆ ಎಂದುಕೊಂಡೆ. ನನಗೆ ಯಾರೂ ಬುದ್ಧಿ ಹೇಳಬಾರದು, ಆಗಿನ ನನ್ನ ಸ್ವಭಾವವೇ ಹಾಗೆ. ತೆಳ್ಳನೆಯದನ್ನೇ ಕಟ್ಟಿಸಿ, ಬಸ್ಸಿನಲ್ಲಿ ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಶರಾವತಿಯ ಸೇತುವೆ ದಾಟುವಾಗ ಪಕ್ಕದ ಹೆಂಗಸು ಎಂತದು ಅದು ಎಂದು ಕೇಳಿದರೆ, ಹೆರಿಗೆಯಾದ ಸುದ್ದಿ ಹೇಳುವವಳ ಹಾಗೆ ವಿವರಿಸಿದೆ.

ಸ್ಟುಡಿಯೋದ ಹಿಂದೆ ಅಪ್ಪನ ಹಳೆಯ ಡಾರ್ಕ್ ರೂಮ್ ಖಾಲಿ ಬಿದ್ದಿತ್ತು. ನಿಂತು ಕೆಲಸ ಮಾಡಲೆಂದು ಗೋಡೆಗೆ ಸಿಮೆಂಟಿನಲ್ಲಿ ಕಟ್ಟಿದ ಎತ್ತರದ ಕಟ್ಟೆಯೊಂದು ಅಲ್ಲಿತ್ತು. ಮಾನಿಟರನ್ನು ಅದರ ಮೇಲಿಟ್ಟು, ಬಾಗಿಲಿಗೆ ಪಕ್ಕ ತಿರುಗಿಸಿದೆ. ಅಪ್ಪನನ್ನು ಬಾಗಿಲಲ್ಲಿ ನಿಲ್ಲಿಸಿ ಏನು ಕಾಣುತ್ತದೆ ಎಂದು ಕೇಳಿದೆ. ಎಂತದೂ ಇಲ್ಲ ಎಂದ. ಅಷ್ಟು ಸಾಕಿತ್ತು ನನಗೆ. ಕುರ್ಚಿ ಎಳೆದುಕೊಂಡು ಕೆಳಗೆ ಕೂತೆ, ಕತ್ತು ಎತ್ತಿ ನೋಡುತ್ತ ಕೆಲಸ ಶುರು ಮಾಡಿದೆ.

ಆ ಕಂಪ್ಯೂಟರಿನಲ್ಲಿ ತಿದ್ದಿದ ಮೊದಲ ಮದುವೆ, ನನ್ನನ್ನು ಮೊದಲು ಕರೆದ ಆ ನವಾಯತರ ಮನೆಯದೇ. ಮದುಮಗಳು ಆ ಮನೆಯ ಮೊಮ್ಮಗಳು. ಮನೆಯ ಒಳಗಿನ ಆಡಳಿತವೆಲ್ಲ ಅವಳ ಅಜ್ಜಿಯದು, ನಾನು ಅವರನ್ನು ಅಮ್ಮ ಎನ್ನುತ್ತಿದ್ದೆ. ಅವರು ನನ್ನನ್ನು ಬೇಟಿ ಎನ್ನುತ್ತಿದ್ದರು, ಹೋದಾಗಲೆಲ್ಲ ತಿನ್ನಿಸದೆ ಕಳಿಸುತ್ತಿರಲಿಲ್ಲ. ಹುಡುಗಿ ಅಂದು ಎಷ್ಟು ಚೆಂದ ಇದ್ದಳು ಎಂದರೆ ನಾನು ಕ್ಯಾಮೆರಾ ಇಳಿಸಿ ಬರಿಗಣ್ಣಲ್ಲಿ ನೋಡಿದ್ದುಂಟು. ಎಣ್ಣೆಗಪ್ಪು ಮುಖ, ಮೂಗಿನ ಪಕ್ಕ ಒಂದು ಮಚ್ಚೆ, ಮುಂಗೈ ದಾಟಿದ ಮೆಹಂದಿ. ಪ್ರತಿ ಫೋಟೊ ತೆಗೆದ ಮೇಲೂ ಕ್ಯಾಮೆರಾದ ಹಿಂದಿನ ಪುಟ್ಟ ಚೌಕದಲ್ಲಿ ತೋರಿಸಿ ಎನ್ನುತ್ತಿದ್ದಳು, ನೋಡಿ ನಗುತ್ತಿದ್ದಳು. ಅವಳ ಗಂಡನಿಗೆ ದುಬೈಯಲ್ಲಿ ಕೆಲಸ. ಸ್ವಲ್ಪ ದಿನದಲ್ಲೇ ಅವನು ಹೊರಡುವವನು, ವೀಸಾ ಬಂದ ಮೇಲೆ ಅವಳು. ಆಲ್ಬಮ್ಮನ್ನು ಕೊಂಡೊಯ್ಯಬೇಕು, ಬೇಗ ಮಾಡಿಕೊಡಿ ಎಂದಿದ್ದಳು.

ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿ ನೋಡಿದರೆ ಎಲ್ಲವೂ ಕಪ್ಪು. ಫ್ಲ್ಯಾಶ್ ಸಾಲಲಿಲ್ಲ ಎಂದುಕೊಂಡೆ. ಒಂದೊಂದನ್ನೇ ತೆಗೆದು ಬೆಳಕು ಏರಿಸಿದೆ, ಸಾಲದೆಂದು ಇನ್ನಷ್ಟು ಏರಿಸಿದೆ. ಮುಖ ಕಣ್ಣಿಗೆ ಸರಿ ಅನ್ನಿಸುವ ತನಕ ಬಿಡಲಿಲ್ಲ. ತಿದ್ದಿದ್ದನ್ನು ಸಿಡಿಗೆ ಬರೆದೆ. ಹುಬ್ಬಳ್ಳಿಯ ಲ್ಯಾಬಿಗೆ ಫೋನು ಮಾಡಿ, ಯಾರೂ ತೆರೆದು ಕೂತು ತಿದ್ದುವುದು ಬೇಡ, ಇದ್ದದ್ದನ್ನು ಇದ್ದ ಹಾಗೆ ಅಚ್ಚು ಹಾಕಿ ಎಂದು ತಾಕೀತು ಮಾಡಿದೆ. ಅವರು ಪಾಪ ಹಾಗೆಯೇ ಮಾಡಿದರು.

ಸಿಡಿ ಹುಬ್ಬಳ್ಳಿಗೆ ಹೊರಟ ದಿನ ಅಮ್ಮ ಮೊಮ್ಮಗಳನ್ನು ಕರೆದುಕೊಂಡು ಕಾರಿನಲ್ಲಿ ಸ್ಟುಡಿಯೋಕ್ಕೆ ಬಂದರು. ಈ ಸಲ ನೆಗೆಟಿವ್ ಎಲ್ಲಿ ಎಂಬುದು ಅವರ ಪ್ರಶ್ನೆ. ನೆಗೆಟಿವ್ ಇಲ್ಲ, ಎಲ್ಲ ಇದರ ಒಳಗೇ ಇದೆ ಎಂದು ಕಂಪ್ಯೂಟರ್ ತೋರಿಸಿದೆ. ಅವರು ಅದನ್ನೊಮ್ಮೆ, ರಸ್ತೆಯ ಕಡೆಯ ಬಾಗಿಲನ್ನೊಮ್ಮೆ ನೋಡಿದರು. ಎಷ್ಟು ದಿನ ಇದರಲ್ಲಿ ಇರುತ್ತದೆ ಎಂದು ಮೆಲ್ಲಗೆ ಕೇಳಿದರು, ಅಷ್ಟೇ. ಅಳಿಸು ಎಂದು ಅವರು ಹೇಳಲಿಲ್ಲ. ಆಲ್ಬಮ್ ಬರುವ ತನಕ ಇರಲಿ ಅಮ್ಮ ಎಂದು ನಾನು ಹೇಳಿದ್ದರೆ ಸಾಕಿತ್ತು, ಒಪ್ಪುತ್ತಿದ್ದರು.

“ಈಗಲೇ ಅಳಿಸ್ತೆ ಅಮ್ಮ, ನಿಮ್ಮ ಕಣ್ಣೆದುರೇ” ಎಂದೆ.

ಅಪ್ಪನನ್ನು ಹೊರಗಿನ ಬೆಂಚಿಗೆ ಕಳಿಸಿ, ಅವರಿಬ್ಬರನ್ನೂ ಒಳಗೆ ಕೂರಿಸಿ, ಪೂಜೆ ಮಾಡಿಸುವ ಭಟ್ಟರಿಗಿಂತ ಗಂಭೀರವಾಗಿ ಕೆಲಸಕ್ಕೆ ತೊಡಗಿದೆ. ಇದು ತಿದ್ದಿದ್ದು, ಇದು ಕ್ಯಾಮೆರಾದಿಂದ ಬಂದ ಮೂಲದ್ದು, ನೋಡಿ, ಎರಡೂ ಹೋಯಿತು. ಕಸದ ಬುಟ್ಟಿಯಲ್ಲಿ ಉಳಿದಿರುತ್ತದೆ, ಅದನ್ನೂ ಬರಿದು ಮಾಡಿದೆ. ಕ್ಯಾಮೆರಾದ ಕಾರ್ಡನ್ನೂ ಖಾಲಿ ಮಾಡಿ ತೋರಿಸಿದೆ. ಅಮ್ಮ ನನ್ನ ತಲೆ ಸವರಿದರು. ಮೊಮ್ಮಗಳು ನೋಡುತ್ತಿದ್ದಳು.

ಆಲ್ಬಮ್ ಬಂದ ದಿನ ಕಟ್ಟು ಬಿಚ್ಚಿ ಮೊದಲ ಪುಟ ತೆಗೆದೆ. ಅಲ್ಲಿ ಹುಡುಗಿಯ ಮುಖ ಇರಲಿಲ್ಲ. ಸುಣ್ಣ ಬಳಿದ ಗೋಡೆಯ ಮೇಲೆ ಎರಡು ಕಣ್ಣು, ಒಂದು ಬಾಯಿ ಇದ್ದವು. ಮೂಗಿನ ಗೆರೆ ಇಲ್ಲ, ಮಚ್ಚೆ ಇಲ್ಲ, ಮೆಹಂದಿ ಬೆರಳ ತುದಿಯಲ್ಲಿ ಮಾತ್ರ ಉಳಿದಿತ್ತು. ಮಲ್ಲಿಗೆಯ ದಂಡೆ ಬಿಳಿಯ ಹತ್ತಿಯಾಗಿತ್ತು. ಎಲ್ಲ ಪುಟವೂ ಹಾಗೇ. ಲ್ಯಾಬಿನವರನ್ನು ಬೈಯಲು ಎದ್ದು ನಿಂತೆ. ಎದ್ದು ನಿಂತದ್ದೇ ಕಣ್ಣು ಮಾನಿಟರಿನ ಮೇಲೆ ಬಿತ್ತು. ಅದರಲ್ಲಿ ಯಾರದೋ ಮಗುವಿನ ಫೋಟೊ ತೆರೆದಿತ್ತು, ಬೆಳಿಗ್ಗೆ ತಿದ್ದಿದ್ದು. ನಿಂತು ನೋಡಿದರೆ ಮಗುವಿನ ಮುಖ ಬಿಳುಚಿಕೊಂಡಿದೆ. ಕೂತೆ, ಸರಿ ಕಂಡಿತು. ನಿಂತೆ, ಮತ್ತೆ ಬಿಳಿ. ಬಾಗಿಲಿಂದ ಕಾಣಬಾರದೆಂದು ತಂದ ಮಾನಿಟರ್, ಎತ್ತರದಲ್ಲಿಟ್ಟು ಕೆಳಗಿಂದ ನೋಡಿದ ನನಗೂ ನಿಜ ತೋರಿಸಿರಲಿಲ್ಲ. ಅಂಗಡಿಯಲ್ಲಿ ಪಕ್ಕದಿಂದ ನೋಡಿದ್ದೆ, ಕೆಳಗೆ ಕೂತು ನೋಡಿರಲಿಲ್ಲ.

ಕುಮಟೆಯ ಅಂಗಡಿಗೆ ಫೋನು ಮಾಡಿದೆ. ಮಾನಿಟರಿನ ಮಾತು ಎತ್ತಲು ಮರ್ಯಾದೆ ಬಿಡಲಿಲ್ಲ. ಕೈ ತಪ್ಪಿ ಏನೋ ಅಳಿಸಿಹೋಗಿದೆ ಎಂದೆ. ಅವನು ಧೈರ್ಯ ಹೇಳಿದ.

“ಪೂರ್ತಿ ಹೋಗಿರೂದಿಲ್ಲ ಅಕ್ಕಾ. ಹೊಸದೆಂತದೂ ಅದ್ಕೆ ತುಂಬಬೇಡಿ, ತುಂಬಿದ್ರೆ ಹಳೇದ್ರ ಮೇಲೆ ಕೂರ್ತದೆ. ಸಿಪಿಯು ಡಬ್ಬ ತಂದುಕೊಡಿ, ಬಂದಷ್ಟು ತೆಗ್ದು ಕೊಡ್ತೆ.”

ತೆಗೆಯುವಾಗ ಫೋಟೊಗಳನ್ನು ನೋಡಬೇಕಾಗುತ್ತದೆಯೇ ಎಂದು ಕೇಳಿದೆ. ನೋಡದೆ ಬಂತೋ ಇಲ್ಲವೋ ಹೇಗೆ ತಿಳಿಯುವುದು ಎಂದು ನಕ್ಕ. ನಾನು ಫೋನು ಇಟ್ಟೆ. ಅವನು ಕುಮಟೆಯವನು, ಭಟ್ಕಳದ ಎಷ್ಟೋ ಅಂಗಡಿಗಳಿಗೆ ಬಂದು ಹೋಗುವವನು. ಈಗ ಹೊಳೆಯುತ್ತದೆ, ನನಗೇ ಹೇಳಿಕೊಡು, ನಾನೇ ಕೂತು ತೆಗೆಯುತ್ತೇನೆ ಎಂದು ಕೇಳಬಹುದಿತ್ತು. ಆ ದಿನ ಕೇಳಲಿಲ್ಲ.

ಆಲ್ಬಮ್ಮನ್ನು ಸೆರಗಿನಲ್ಲಿ ಮುಚ್ಚಿಕೊಂಡು ಆ ಮನೆಗೆ ಹೋದೆ. ನೆರೆಯ ಹೆಂಗಸರೂ ಕೆಲವರು ಕೂತಿದ್ದರು. ಅಮ್ಮನ ಕೈಗೆ ಕೊಟ್ಟು, ನನ್ನ ಮಾನಿಟರ್ ನನಗೆ ಮೋಸ ಮಾಡಿತು, ಎಲ್ಲ ಬೆಳ್ಳಗಾಗಿ ಕೆಟ್ಟಿದೆ, ಇದಕ್ಕೆ ನನಗೇನೂ ಕೊಡಬೇಡಿ ಎಂದೆ. ಅವರು ಒಂದೊಂದೇ ಪುಟ ಮಗುಚಿದರು. ಕಣ್ಣು ಮಂಜಾದವರು, ಅವರಿಗೆ ಎಷ್ಟು ಕಂಡಿತೋ ಗೊತ್ತಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ಆಲ್ಬಮ್ ಮುಚ್ಚಿ, ಕೂತವರ ಕಡೆ ತಿರುಗಿ ನನ್ನನ್ನು ಹೊಗಳತೊಡಗಿದರು. ಇವಳು ನಮ್ಮ ಕಣ್ಣೆದುರು ಎಲ್ಲ ಅಳಿಸಿದಳು, ಒಂದು ಉಳಿಸಿಕೊಳ್ಳಲಿಲ್ಲ, ಹೀಗೆ ಮಾತಿಗೆ ನಿಲ್ಲುವವಳು ಎಲ್ಲಿ ಸಿಗುತ್ತಾಳೆ, ಫೋಟೊ ಸ್ವಲ್ಪ ಬಿಳಿಯಾದರೆ ಏನಾಯಿತು ಎಂದರು. ಹೆಂಗಸರೆಲ್ಲ ನನ್ನನ್ನು ಮೆಚ್ಚಿಗೆಯಿಂದ ನೋಡಿದರು. ಒಬ್ಬರಂತೂ ಇನ್ನೂ ಚೆಂದವೇ ಬಂದಿದೆ, ಹುಡುಗಿ ಕೆಂಪಗೆ ಕಾಣುತ್ತಾಳೆ ಎಂದರು. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ನನಗೆ. ಆದರೂ ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಹೊಗಳಿಕೆ ಒಳಗೊಳಗೆ ಸಿಹಿಯಾಗಿಯೂ ಇತ್ತು.

ಹುಡುಗಿ ಆಲ್ಬಮ್ಮನ್ನು ಒಂದು ಸಲ ನೋಡಿ ಇಟ್ಟವಳು ಮತ್ತೆ ಮುಟ್ಟಲಿಲ್ಲ. ಹೊರಡುವಾಗ ನನ್ನ ಜೊತೆ ನಡುವಿನ ಓಣಿಯ ತನಕ ಬಂದಳು. ಅಲ್ಲಿ ನಾವಿಬ್ಬರೇ. ಅವಳು ನನ್ನ ಮಣಿಕಟ್ಟು ಹಿಡಿದು ಪಿಸುದನಿಯಲ್ಲಿ ಕೇಳಿದಳು.

“ಅಕ್ಕ, ನಿಮ್ಮ ಹತ್ರ ಒಂದು ಕಾಪಿ ಉಂಟಲ್ಲ?”

ಇಲ್ಲ, ನಿನ್ನೆದುರೇ ಅಳಿಸಿದ್ದೆನಲ್ಲ ಎಂದೆ.

“ಅದು ಅಜ್ಜಿಗೆ ತೋರಿಸಲಿಕ್ಕೆ ಅಂತ ಮಾಡಿದೆ. ನೀವು ಬೇರೆ ಕಡೆ ಇಟ್ಟೇ ಇಡ್ತೀರಿ ಅಂತ ನನಗೆ ಧೈರ್ಯ ಇತ್ತು.”

ಮಾಡಿದೆ ಎನ್ನುವುದನ್ನು ಅವಳು ಎಣಿಸಿದೆ ಎಂಬ ಅರ್ಥದಲ್ಲಿ ಹೇಳುತ್ತಾಳೆಂದು ನನಗೆ ಗೊತ್ತು, ಮನೆಮಾತು ನವಾಯತಿ, ಕನ್ನಡ ಅವಳಿಗೆ ಶಾಲೆಯದು. ನಾನು ತಲೆ ತಗ್ಗಿಸಿದೆ. ನಾನು ಸುಳ್ಳಿಯಾಗಿರಲಿ ಎಂದು ಒಬ್ಬರು ಆಸೆಪಟ್ಟಿದ್ದರು, ನಾನು ಆ ಆಸೆಗೂ ಒದಗಲಿಲ್ಲ. ಕುಮಟೆಯಲ್ಲಿ ಒಬ್ಬನಿದ್ದಾನೆ, ಅಳಿಸಿದ್ದನ್ನು ಮತ್ತೆ ತೆಗೆಯಬಲ್ಲ, ಆದರೆ ಅವನು ನೋಡಬೇಕಾಗುತ್ತದೆ ಎಂದು ತಡೆದು ತಡೆದು ಹೇಳಿದೆ. ನಾಚಿಕೆಯಿಂದ ಅವಳು ತಲೆಯ ಮೇಲಿನ ದುಪಟ್ಟಾ ಇನ್ನಷ್ಟು ಮುಂದೆ ಎಳೆದುಕೊಂಡಳು. ಅವಳಿಗೂ ಅದು ಸುಲಭದ ಮಾತಾಗಿರಲಿಲ್ಲ.

“ಒಂದೇ ಸಾಕು ಅಕ್ಕ. ನನ್ನ ಮುಖ ಇದ್ದದ್ದು ಒಂದು. ತರಿಸಿ.”

ಅಮ್ಮನನ್ನು ಒಂದು ಮಾತು ಕೇಳುತ್ತೇನೆ ಎಂದೆ.

ಅವಳು ನನ್ನ ಮಣಿಕಟ್ಟು ಬಿಟ್ಟಳು. “ಫೋಟೊ ನನ್ನದಲ್ವಾ?” ಎಂದಳು. ಸಿಟ್ಟಿರಲಿಲ್ಲ ದನಿಯಲ್ಲಿ, ಗೊತ್ತಿಲ್ಲದ್ದನ್ನು ಕೇಳುವವರ ಹಾಗೆ ಕೇಳಿದಳು. ಆಮೇಲೆ ಇರಲಿ ಬಿಡಿ ಎಂದು ಒಳಗೆ ಹೋದಳು.

ನಾನು ಅಮ್ಮನನ್ನು ಕೇಳಲಿಲ್ಲ. ಕೇಳಿದರೆ ಅವರು ಬೇಡ ಎನ್ನುತ್ತಾರೆ ಎಂಬ ಹೆದರಿಕೆ ಅಲ್ಲ ಅದು. ಆಗಲಿ ಎನ್ನಲೂಬಹುದಿತ್ತು, ಮೊಮ್ಮಗಳೆಂದರೆ ಅವರಿಗೆ ಜೀವ. ಆದರೆ ಕೇಳಿದ ಮೇಲೆ, ಅಳಿಸಿದ್ದು ನಿಜವಾಗಿ ಅಳಿದಿರಲಿಲ್ಲ ಎಂದು ಅವರಿಗೆ ತಿಳಿಯುತ್ತಿತ್ತು. ಅಷ್ಟು ಹೆಂಗಸರ ನಡುವೆ ಸಿಕ್ಕಿದ ಹೆಸರು ನನಗೆ ಬೇಕಾಗಿತ್ತು. ನಾಳೆ ಕೇಳಿದರಾಯಿತು, ನಾಡಿದ್ದು ಕುಮಟೆಗೆ ಹೋದರಾಯಿತು ಎಂದು ದಿನ ತಳ್ಳಿದೆ. ಆ ದಿನಗಳಲ್ಲಿ ಕಂಪ್ಯೂಟರಿಗೆ ಏನನ್ನೂ ತುಂಬದೆ ಇಟ್ಟಿದ್ದೆ, ಅಷ್ಟರ ಮಟ್ಟಿಗೆ ಮನಸ್ಸು ಚುಚ್ಚುತ್ತಿತ್ತು.

ಆಮೇಲೆ ಪಕ್ಕದ ಕೇರಿಯ ಇನ್ನೊಂದು ಮನೆಯಿಂದ ಮದುವೆಗೆ ಕರೆ ಬಂತು. ಅಮ್ಮನೇ ನನ್ನನ್ನು ಹೇಳಿದ್ದರಂತೆ, ನಂಬಿ ಒಳಗೆ ಬಿಡಬಹುದಾದ ಹುಡುಗಿ ಎಂದು. ಹೋದೆ, ತೆಗೆದೆ, ಕಾರ್ಡು ತುಂಬಿಸಿ ತಂದೆ. ಕಾರ್ಡನ್ನು ಮೇಜಿನ ಮೇಲಿಟ್ಟುಕೊಂಡು ಕೂತೆ. ಅಷ್ಟರಲ್ಲಿ ಕಟ್ಟೆ ಒಡೆಸಿ, ತಗ್ಗಾದ ಮೇಜು ಹಾಕಿಸಿ, ಮಾನಿಟರ್ ಕಣ್ಣಿಗೆ ಸಮನಾಗಿ ಇಡಿಸಿಯಾಗಿತ್ತು. ಹೊಸ ಮನೆಯವರು ಆಲ್ಬಮ್ಮಿಗೆ ಅವಸರ ಮಾಡುತ್ತಿದ್ದರು. ಅಳಿಸಿದ್ದರ ಮೇಲೆ ಕೂರದಂತೆ ಹೊಸದೊಂದು ಡಿಸ್ಕ್ ತರಬಹುದಿತ್ತು, ಅದೂ ಗೊತ್ತಿತ್ತು. ಅಪ್ಪ ಒಳಗೆ ಬಂದು, ಎಂತಕ್ಕೆ ಕಾಯ್ತಿ ಎಂದು ಕೇಳಿದ.

ಎಂತಕ್ಕೂ ಇಲ್ಲ ಎಂದು ಕಾರ್ಡು ಸಿಕ್ಕಿಸಿದೆ. ಹೊಸ ಮದುಮಗಳ ಫೋಟೊಗಳು ಒಂದೊಂದಾಗಿ ಒಳಗಿಳಿಯತೊಡಗಿದವು. ಎಲ್ಲವೂ ಚೆನ್ನಾಗಿ ಬಂದಿದ್ದವು.